ನಿಮಗಿದು ಗೊತ್ತೆ? ಹೈಸ್ಕೂಲು ಮಕ್ಕಳು ಬರೆದ ಕ್ರಿಸ್‌ಮಸ್ ಕಂತು

ಅಮೆರಿಕದ ಹಳೆಯ ಟಿವಿ ಧಾರಾವಾಹಿ ‘ಬಿವಿಚ್ಡ್’ನ ಒಂದು ಕ್ರಿಸ್‌ಮಸ್ ಕಂತು ಹುಟ್ಟಿದ್ದು ಶಾಲೆಯ ತರಗತಿಯಲ್ಲಿ! ಲಾಸ್ ಏಂಜಲೀಸಿನ ಜೆಫರ್ಸನ್ ಹೈಸ್ಕೂಲಿನ 26 ಮಂದಿ ಕಪ್ಪು ವಿದ್ಯಾರ್ಥಿಗಳು ಅದರ ಕತೆ ಹೆಣೆದರು. 1970ರ ಡಿಸೆಂಬರ್ 24ರಂದು ಪ್ರಸಾರವಾದ ಆ ಕಂತಿನ ಹೆಸರು ‘ಸಿಸ್ಟರ್ಸ್ ಅಟ್ ಹಾರ್ಟ್’. ಮಾಟಗಾತಿ ಸಮಾಂತಾಳ ಪುಟ್ಟ ಮಗಳು ಟ್ಯಾಬಿತಾಗೆ ತನ್ನ ಕಪ್ಪು ಗೆಳತಿ ಲೀಸಾಳ ಜೊತೆ ಅಕ್ಕತಂಗಿಯಾಗುವಾಸೆ. ಬಣ್ಣ ಬೇರೆಯಾದರೆ ಹೇಗೆ ಸಾಧ್ಯ ಎಂದು ಯಾರೋ ಅಂದಿದ್ದಾರೆ. ಸರಿ, ಮಂತ್ರ ಹಾಕಿಯೇಬಿಟ್ಟಳು: ತನ್ನ ಮೈಮೇಲೆ ಕಪ್ಪು ಚುಕ್ಕಿ, ಲೀಸಾಳ ಮೈಮೇಲೆ ಬಿಳಿ ಚುಕ್ಕಿ! ಮಕ್ಕಳಿಗಲ್ಲದೆ ಇನ್ನಾರಿಗೆ ಹೊಳೆದೀತು ಇಂಥ ಕಲ್ಪನೆ? ಎಮ್ಮಿ ಸಮಾರಂಭದಲ್ಲಿ ಗವರ್ನರ್ಸ್ ಪ್ರಶಸ್ತಿ ಪಡೆದ ಈ ಕಂತು, 254 ಕಂತುಗಳಲ್ಲಿ ನಾಯಕಿ ಎಲಿಜಬೆತ್ ಮಾಂಟ್ಗೊಮೆರಿಗೆ ಅತ್ಯಂತ ಅಚ್ಚುಮೆಚ್ಚಿನದಾಗಿತ್ತು.