ಮನೆಯಲ್ಲಿ ಕಟ್ಟುವ ಪ್ರವಾಸದ ಹಿಂಬಂಡಿ: ಗೋಡೆಯ ತಿರುಳಿಗೆ ಯಾವದು ಲೇಸು?

ಹೊನ್ನಾವರದಿಂದ ತೆಂಕಣಕ್ಕೆ ಕಾಸರಕೋಡನ್ನು ದಾಟಿ ಕೆಲವೇ ಕಿಲೋಮೀಟರು ಸಾಗಿದರೆ ಅಪ್ಸರಕೊಂಡವು ಸಿಕ್ಕುವದು. ಗುಡ್ಡ, ಅಬ್ಬಿ, ಕಡಲು ಮೂರೂ ಒಂದೆಡೆಯಲ್ಲಿ ಕೂಡಿದ ಸ್ಥಳವಿದು. ಇಂಥಲ್ಲಿಗೆ ಕುಟುಂಬಸಮೇತರಾಗಿ ಹೋಗಬಯಸುವ ಗೃಹಸ್ಥರಿಗೆ, ಮೋಟಾರಿನ ಹಿಂದೆ ಕಟ್ಟಿ ಎಳೆಯತಕ್ಕ ಚಿಕ್ಕದೊಂದು ಮಲಗುವ ಬಂಡಿಯನ್ನು ತಾವೇ ಕಟ್ಟಿಕೊಳ್ಳೋಣವೆಂದು ತೋರುವದು ಸಹಜವೇ. ಈ ಕರಾವಳಿಯ ಮೀನುಗಾರರು ಫೈಬರ್ ದೋಣಿಗಳನ್ನು ಬಳಸತೊಡಗಿ ದಶಕಗಳೇ ಸಂದವು. ಗಾಜಿನ ನಾರಿನ ಚಾಪೆಯನ್ನು ರಾಳದಲ್ಲಿ ತೋಯಿಸಿ ಹಾಸುವ ಕೆಲಸವು ಇಲ್ಲಿ ಹೊಸದಲ್ಲ.

ಆದರೆ ದೋಣಿಗೂ ಬಂಡಿಗೂ ಒಂದು ಭೇದವುಂಟು. ದೋಣಿಯ ಮೈ ಬಾಗಿರುವದು. ಆ ಬಾಗೇ ಅದಕ್ಕೆ ಬಿಗಿಯನ್ನು ಕೊಡುವದು. ಬಂಡಿಯ ಗೋಡೆಯೋ ಚಪ್ಪಟೆ. ಬರಿಯ ನಾರುಹಾಳೆಯಿಂದ ಅದನ್ನು ಮಾಡಿದರೆ ಮೊರದಂತೆ ಬಳುಕುವದು. ಬಳುಕದಷ್ಟು ದಪ್ಪವಾಗಿ ಹಾಸಿದರೆ ಹಣವೂ ಭಾರವೂ ಮಿತಿಮೀರುವವು. ಆದುದರಿಂದ ಎರಡು ತೆಳು ನಾರುಹಾಳೆಗಳ ನಡುವೆ ಹಗುರವಾದ ತಿರುಳೊಂದನ್ನು ಇಡತಕ್ಕದ್ದು. ರೈಲಿನ ಕಂಬಿಯು ಮೇಲೆ ಕೆಳಗೆ ಅಗಲವಾಗಿ ನಡುವೆ ಸಪೂರವಾಗಿರುವದನ್ನು ವಾಚಕರು ಕಂಡಿರಬಹುದು. ಇಲ್ಲಿಯ ಯುಕ್ತಿಯೂ ಅದೇ. ತಿರುಳಿನ ದಪ್ಪವನ್ನು ಇಮ್ಮಡಿಸಿದರೆ ಗೋಡೆಯ ಬಿಗಿಯು ಸುಮಾರು ನಾಲ್ಮಡಿಯಾಗುವದು. 1940ರಲ್ಲಿ ಮೊದಲಾಗಿ ಹಾರಿದ ಮಾಸ್ಕಿಟೊ ಎಂಬ ಬ್ರಿಟಿಷ್ ವಿಮಾನದ ಒಡಲನ್ನು, ಹಗುರವಾದ ಬಾಲ್ಸಾ ಮರವನ್ನು ತೆಳು ಪ್ಲೈವುಡ್ಡಿನ ನಡುವಿಟ್ಟು ಹೀಗೆಯೇ ಮಾಡಿದ್ದರು.

ಲೆಕ್ಕವನ್ನು ನೋಡೋಣ. 8 ಅಡಿ ಉದ್ದ, 5 ಅಡಿ ಅಗಲ, 4 ಅಡಿ ಎತ್ತರದ ಬಂಡಿಯ ಗೋಡೆ ಮಾಡುಗಳು ಕೂಡಿ 144 ಚದರ ಅಡಿಗಳಾಗುವವು. ಇದಕ್ಕೆ 12 ಮಿಲಿಮೀಟರಿನ ಪ್ಲೈವುಡ್ಡನ್ನು ತಿರುಳಾಗಿಟ್ಟರೆ ಅದೊಂದೇ ಸುಮಾರು 95 ಕಿಲೋ ತೂಗುವದು. ಅದಕ್ಕಿಂತ ಇಮ್ಮಡಿ ದಪ್ಪದ, 25 ಮಿಲಿಮೀಟರಿನ ಗಟ್ಟಿ ಥರ್ಮೋಕೋಲಾದರೆ 10 ಕಿಲೋ ಮಾತ್ರ! ಚಿಕ್ಕ ಮೋಟಾರುಳ್ಳವರಿಗೆ ಇದು ಅಲ್ಪವಾದ ಅಂತರವಲ್ಲ.

ಹಾಗಾದರೆ ಥರ್ಮೋಕೋಲನ್ನೇ ಕೊಂಡರಾಯಿತೆಂದು ಆತುರಪಡಲಾಗದು. ಅಗ್ಗದ ಕೆಲಸಗಳು ಕೆಡುವದು ಇಲ್ಲಿಯೇ. ದೋಣಿಯ ಕೆಲಸದಲ್ಲಿ ಸಾಮಾನ್ಯವಾಗಿ ಬಳಸುವ ಪಾಲಿಯೆಸ್ಟರ್ ರಾಳದಲ್ಲಿ ಸ್ಟೈರೀನ್ ಎಂಬ ದ್ರವವಿರುವದು. ಥರ್ಮೋಕೋಲಾದರೋ ಪಾಲಿಸ್ಟೈರೀನಿನಿಂದಾದ ವಸ್ತು. ರಾಳವು ಸೋಕಿದೊಡನೆ ಅದು ಬಿಸಿನೀರಿನಲ್ಲಿ ಬಿದ್ದ ಬೆಲ್ಲದಂತೆ ಕರಗಿಹೋಗುವದು. ಎಪಾಕ್ಸಿ ರಾಳವು ಅದನ್ನು ಕರಗಿಸದು. ಆದರೆ ಅದರ ಬೆಲೆ ಹೆಚ್ಚು. ಆದಕಾರಣ ತಿರುಳಿನ ಬೆಲೆಯನ್ನು ಎಂದೂ ಒಂಟಿಯಾಗಿ ಕೇಳದೆ, ಅದಕ್ಕೊಪ್ಪುವ ರಾಳದ ಬೆಲೆಯನ್ನು ಕೂಡಿಸಿಯೇ ಲೆಕ್ಕಹಾಕತಕ್ಕದ್ದು. ಕೊಳ್ಳುವ ಮೊದಲು ಒಂದು ತುಣುಕಿನ ಮೇಲೆ ರಾಳದ ನಾಲ್ಕು ಹನಿಗಳನ್ನು ಬಿಟ್ಟು ನೋಡಿದರೆ ಯಾವ ಪುಸ್ತಕದ ನೆರವೂ ಬೇಡ. ಅಮೆರಿಕದ ಬರ್ಟ್ ರುಟಾನನು ರೂಪಿಸಿ 1975ರಲ್ಲಿ ಹಾರಿಸಿದ ವೇರಿಈಜ್ ಎಂಬ ಕಿರುವಿಮಾನವು ಪಾಲಿಸ್ಟೈರೀನಿನ ತಿರುಳಿಗೆ ಎಪಾಕ್ಸಿ ಹೊದಿಸಿದ್ದೇ ಆಗಿದ್ದು, ಅನೇಕರು ಅದನ್ನು ತಮ್ಮ ಮನೆಯಲ್ಲೇ ಕಟ್ಟಿಕೊಂಡರು. ವಿಮಾನಕ್ಕೆ ಸಾಲುವದು ಬಂಡಿಗೆ ಸಾಲದೆ?

ಶೀತಗೃಹಗಳ ಗೋಡೆಗಳಲ್ಲಿರುವ ಗಟ್ಟಿ ಪಾಲಿಯುರಿಥೇನ್ ಹಲಗೆಯು ಪಾಲಿಯೆಸ್ಟರಿಗೆ ಕರಗದು. ಆದರೆ ಅದು ಪುಡಿಪುಡಿಯಾಗುವ ಸ್ವಭಾವದ್ದು. ರಸ್ತೆಯ ಕುಲುಕಾಟಕ್ಕೆ ಮೇಲಿನ ಹಾಳೆಯು ಬಿಟ್ಟುಬರುವ ಭಯವುಂಟು. ಪಿ.ವಿ.ಸಿ. ನೊರೆಹಲಗೆಯು ಎಲ್ಲಕ್ಕೂ ಮೇಲು, ಬೆಲೆಯಲ್ಲಿಯೂ ಹಾಗೆಯೇ. ಮನೆಯಲ್ಲಿರುವ ಗೋಣಿತಟ್ಟನ್ನು ಬಳಸಿದರಾಗದೆ ಎಂದು ಕೇಳುವವರುಂಟು. ಗೋಣಿಯು ರಾಳವನ್ನು ಹೀರಿ ಭಾರವಾಗುವದು, ಉಳಿತಾಯವೆಲ್ಲ ಅಲ್ಲಿಗೆ ಮುಗಿಯಿತು.

ನಮ್ಮ ಕರಾವಳಿಯಲ್ಲಿ ಮರದ ತಿರುಳಿಗೆ ಮಳೆಯೇ ದೊಡ್ಡ ವೈರಿ. ಹೊನ್ನಾವರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವದು. ಒಂದೇ ಒಂದು ತಿರುಪುಮೊಳೆಯ ರಂಧ್ರದಿಂದ ಒಳಹೊಕ್ಕ ನೀರು ಪ್ಲೈವುಡ್ಡನ್ನಾಗಲಿ ಬಾಲ್ಸಾವನ್ನಾಗಲಿ ಕಣ್ಣಿಗೆ ಕಾಣದಂತೆ ಕೊಳೆಯಿಸುವದು. ಹೊರಗಿನ ಹಾಳೆಯು ಹೊಳೆಯುತ್ತಲೇ ಇರುವದು. ಆದುದರಿಂದ ಗೋಡೆ ಮಾಡುಗಳಿಗೆ ಗಟ್ಟಿ ಪಾಲಿಸ್ಟೈರೀನನ್ನೂ ಎಪಾಕ್ಸಿಯನ್ನೂ ನಾವು ಅನುಮೋದಿಸುವೆವು. ಪೆಟ್ಟಿಗೆಗಳಲ್ಲಿ ಬರುವ ಸಡಿಲ ಥರ್ಮೋಕೋಲು ಬೇಡ. ಘನಮೀಟರಿಗೆ 30 ಕಿಲೋ ಆಸುಪಾಸಿನ ಹಲಗೆಯನ್ನು ಕೇಳಿ ಪಡೆಯಬೇಕು. ಕಾಲ್ತುಳಿತಕ್ಕೆ ನೆಲಕ್ಕೆ ಮಾತ್ರ ನೀರು ತಡೆಯುವ ಪ್ಲೈವುಡ್ಡು ಇರಲಿ. ಬಾಗಿಲಿನ ಕೀಲು, ಕಿಟಕಿಗಳು ಬರುವಲ್ಲಿ ನೊರೆಹಲಗೆಯನ್ನು ಕೊರೆದು ತೆಗೆದು ಮರದ ತುಂಡನ್ನು ಕೂರಿಸಿ, ಮೊಳೆಯ ರಂಧ್ರಗಳ ಒಳಗೆಲ್ಲ ಎಪಾಕ್ಸಿಯನ್ನು ಸವರತಕ್ಕದ್ದು.

ಇನ್ನೊಂದು ಮಾತನ್ನು ಮನೆಯೊಡತಿಯರೂ ಲಕ್ಷ್ಯದಲ್ಲಿಡಬೇಕು. ಈ ನೊರೆಹಲಗೆಗಳಿಗೆ ಬೆಂಕಿ ತಗಲಿದರೆ ವಿಷದ ಹೊಗೆಯೇಳುವದು. ಮಕ್ಕಳು ಮಲಗುವ ಆ ಗೂಡಿನೊಳಗೆ ಒಲೆಯನ್ನು ಹಚ್ಚುವದು ಸಲ್ಲದು. ಅಡಿಗೆಯು ಹೊರಗೇ ಆಗಲಿ. ಬಿಸಿಲಿಗೆ ಪಾಲಿಸ್ಟೈರೀನು ಮೆತ್ತಗಾಗದಂತೆ ಹೊರಮೈಗೆ ಬಿಳಿಯ ಬಣ್ಣವೇ ಯೋಗ್ಯ. ರಾಳದ ಕೆಲಸವನ್ನು ಮಳೆ ನಿಂತು ಗಾಳಿಯು ಒಣಗಿದ ಮೇಲೆ, ಬಯಲಿನಲ್ಲಿ, ಕೈಚೀಲ ಮುಖವಸ್ತ್ರಗಳನ್ನು ಧರಿಸಿಯೇ ಮಾಡಬೇಕು. ಕೊರೆದ ಬಿಳಿಯ ಪುಡಿಯು ಗಾಳಿಗೆ ಹಾರಿ ಕಡಲಿಗೆ ಸೇರದಂತೆ ಆಗಾಗ ಗುಡಿಸಿ ಚೀಲದಲ್ಲಿ ಕಟ್ಟಿಡಿರಿ. ಕಾಸರಕೋಡಿನ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ.

1988ರ ಮೋಟಾರು ವಾಹನ ಕಾಯಿದೆಯಲ್ಲಿ ಹಿಂಬಂಡಿಯೂ ಮೋಟಾರು ವಾಹನವೆಂದೇ ಎಣಿಸಲ್ಪಟ್ಟಿದೆ. ಆದುದರಿಂದ ಹಲಗೆಯನ್ನು ಕೊಳ್ಳುವದಕ್ಕಿಂತ ಮುಂಚೆಯೇ ಹೊನ್ನಾವರದ ಸಾರಿಗೆ ಕಚೇರಿಗೆ ಹೋಗಿ, ಅಚ್ಚು, ಕೊಂಡಿ, ದೀಪಗಳು ಹೇಗಿರತಕ್ಕದ್ದೆಂಬುದನ್ನು ವಿಚಾರಿಸಿ ಬರುವದು ಒಳ್ಳೆಯದು.