ಬೈಲಕುಪ್ಪೆಯಲ್ಲಿ ಬೇರೂರಿದವರು

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ, ಕುಶಾಲನಗರದ ಕಾವೇರಿ ಸೇತುವೆಯನ್ನು ಮುಟ್ಟುವ ಮುನ್ನ ಎಡಗಡೆಗೆ ಕವಲೊಡೆಯುವ ದಾರಿಯೊಂದುಂಟು. ಆ ದಾರಿ ಹಿಡಿದು ಸಾಗಿದರೆ ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಪಟಪಟಿಸುತ್ತಿರುತ್ತವೆ. ಕಡುಗೆಂಪು ವಸ್ತ್ರ ಧರಿಸಿದ ಭಿಕ್ಷುಗಳು ಎದುರಾಗುತ್ತಾರೆ. ಹಿಮಾಲಯದಾಚೆ ತಾಯ್ನಾಡನ್ನು ಕಳೆದುಕೊಂಡ ಟಿಬೆಟನ್ನರು ಮತ್ತೊಮ್ಮೆ ಮನೆ ಕಟ್ಟಿಕೊಂಡ ಬೈಲಕುಪ್ಪೆ ಇದೇ.

1959ರ ಮಾರ್ಚ್ ತಿಂಗಳಲ್ಲಿ ಚೀನೀ ಆಡಳಿತದ ವಿರುದ್ಧ ಲಾಸಾ ನಗರ ದಂಗೆ ಎದ್ದಿತು. ದಂಗೆ ಮುರಿದುಬಿತ್ತು, ದಲಾಯಿ ಲಾಮಾ ಅವರು ಪರ್ವತಗಳನ್ನು ದಾಟಿ ಭಾರತವನ್ನು ಸೇರಿದರು. ಅವರ ಹಿಂದೆ ಸಹಸ್ರಾರು ಜನ ಉಟ್ಟ ಬಟ್ಟೆಯಲ್ಲೇ ಹೊರಟು ಬಂದರು. ಅವರಲ್ಲಿ ಅನೇಕರು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿಗಳಾದರು. ಇವರು ಒಟ್ಟಾಗಿ ನೆಲೆಸಲು ಜಾಗ ಬೇಕೆಂದು ಕೇಂದ್ರ ಸರ್ಕಾರ ರಾಜ್ಯಗಳನ್ನು ಕೇಳಿದಾಗ, ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಗುತ್ತಿಗೆಯ ಮೇಲೆ ಕೊಟ್ಟಿತು. 1960ರ ಕೊನೆಯಿಂದ ನಿರಾಶ್ರಿತರು ಇಲ್ಲಿಗೆ ತಂಡತಂಡವಾಗಿ ಬಂದರು.

ಬಂದವರಿಗೆ ಕಂಡದ್ದು ಊರಲ್ಲ, ಕಾಡು. ಡೇರೆಯಲ್ಲಿ ಮಲಗಿ ಮರ ಕಡಿಯಬೇಕು, ಬೇರು ಕೀಳಬೇಕು. ಬಿತ್ತಿದ ಪೈರನ್ನು ರಾತ್ರಿಯೆಲ್ಲ ಎಚ್ಚರವಿದ್ದು ಆನೆಯಿಂದ ಕಾಯಬೇಕು. ಹಿಮದ ನಾಡಿನವರಿಗೆ ಇಲ್ಲಿನ ಸೆಕೆಯೇ ವ್ಯಾಧಿಯಾಯಿತು. ಜವೆಗೋಧಿಯ ಹಿಟ್ಟನ್ನುಂಡು ಬೆಳೆದವರು ಮುಸುಕಿನ ಜೋಳದ ಬೇಸಾಯ ಕಲಿತರು. ಸಹಕಾರ ಸಂಘ, ಟ್ರ್ಯಾಕ್ಟರು, ಶಾಲೆ, ಆಸ್ಪತ್ರೆಗಳು ಒಂದೊಂದಾಗಿ ಬಂದವು. ಇವರ ಪುನರ್ವಸತಿಗೆ ನೆರವಾಗಲೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ಬೇಸಾಯದ ಬಿಡುವಿನಲ್ಲಿ, ಚಳಿಗಾಲ ಬಂದೊಡನೆ, ಸ್ವೆಟರಿನ ಗಂಟು ಹೊತ್ತು ದೂರದೂರದ ನಗರಗಳಿಗೆ ಹೋಗಿ ವ್ಯಾಪಾರ ಮಾಡುವುದು ರೂಢಿಯಾಯಿತು.

ಹೊಟ್ಟೆಯ ಜೊತೆಗೆ ಧರ್ಮವನ್ನೂ ಅವರು ಮರೆಯಲಿಲ್ಲ. 1963ರಲ್ಲಿ ಪೆನೋರ್ ರಿಂಪೋಚೆ ಅವರು ನಾಮ್‌ಡ್ರೋಲಿಂಗ್ ವಿಹಾರಕ್ಕೆ ಅಡಿಪಾಯ ಹಾಕಿದರು. ಇಂದು ಪ್ರವಾಸಿಗರು ಮುಗಿಬಿದ್ದು ನೋಡುವ ಸ್ವರ್ಣಮಂದಿರ ಅಲ್ಲಿಯೇ 1999ರಲ್ಲಿ ತೆರೆಯಿತು. ಲಾಸಾದ ಬಳಿ 1419ರಲ್ಲಿ ಸ್ಥಾಪಿತವಾಗಿದ್ದ ಸೆರಾ ಮಹಾವಿಹಾರವು, ಬಂಗಾಳದ ಬಕ್ಸಾ ಶಿಬಿರದಲ್ಲಿ ವರ್ಷಗಳನ್ನು ಕಳೆದ ಭಿಕ್ಷುಗಳಿಂದ 1970ರಲ್ಲಿ ಇಲ್ಲಿ ಮರುಹುಟ್ಟು ಪಡೆಯಿತು. ಅಷ್ಟರಲ್ಲಿ 1969ರಲ್ಲಿ ಬೈಲಕುಪ್ಪೆಯ ಎರಡನೆಯ ವಸತಿ ಎದ್ದಿತ್ತು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತೊಂದು ನೆಲೆಗೊಂಡಿತು. ಮುಂಡಗೋಡು, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯಗಳನ್ನೂ ಸೇರಿಸಿ ಕರ್ನಾಟಕದಲ್ಲಿ ಇಂಥ ಐದು ವಸತಿಗಳುಂಟು.

ಆದರೆ ಕಟ್ಟಿದವರ ಕಥೆ ಒಂದು, ಇಲ್ಲಿಯೇ ಹುಟ್ಟಿದವರ ಕಥೆ ಇನ್ನೊಂದು. ಮೊದಲಿನವರಿಗೆ ಮರಳಿ ಹೋಗುವ ಆಸೆಯಿತ್ತು. ಎರಡನೆಯ, ಮೂರನೆಯ ತಲೆಮಾರಿನವರು ಟಿಬೆಟನ್ನು ಅಜ್ಜಿಯ ಬಾಯಲ್ಲಿ ಮಾತ್ರ ಕಂಡವರು. ಕನ್ನಡದಲ್ಲಿ ಚೌಕಾಸಿ ಮಾಡಬಲ್ಲರು; ಮನೆಯಲ್ಲಿ ಟಿಬೆಟನ್ ನುಡಿಯುವರು. ಆದರೂ ಬಹುಮಂದಿಯ ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ವಿದೇಶೀಯರ ನೋಂದಣಿ ಪತ್ರ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರಿಗೆ ಕಾನೂನಿನಂತೆ ಪೌರತ್ವದ ಹಕ್ಕುಂಟು. 2010ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವೂ 2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದವು. ಹಾಗಿದ್ದೂ ಆ ಪೌರತ್ವವನ್ನು ಪಡೆದರೆ ತಾಯ್ನಾಡಿನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಂತಾಗದೆ ಎಂಬ ಶಂಕೆ ಹಿರಿಯರಲ್ಲುಂಟು. ಪಾಸ್‌ಪೋರ್ಟಿಲ್ಲದೆ ಬದುಕು ಮುಂದೆ ಸಾಗುವುದು ಹೇಗೆಂಬ ಚಿಂತೆ ಕಿರಿಯರಲ್ಲುಂಟು.

ಓದಿದ ಯುವಕರು ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿಂದ ಕೆಲವರು ಸಮುದ್ರ ದಾಟುತ್ತಾರೆ. ಭಾರತ, ನೇಪಾಳಗಳಲ್ಲಿದ್ದ ಸಾವಿರ ಮಂದಿ ಟಿಬೆಟನ್ನರಿಗೆ ಅಮೆರಿಕವು 1990ರ ಕಾನೂನಿನಿಂದ ಬಾಗಿಲು ತೆರೆದ ಬಳಿಕ ಈ ಹಾದಿ ಸವೆಯುತ್ತಲೇ ಇದೆ. ಅಜ್ಜಂದಿರು ಬೇರು ಕಿತ್ತು ಹಸನು ಮಾಡಿದ ಹೊಲಗಳಲ್ಲಿ ಈಗ ದುಡಿಯುವ ಕೈಗಳು ವಿರಳ. ಹಲವು ಮನೆಗಳ ಜಗುಲಿಯಲ್ಲಿ ಮುದುಕರು ಮಣಿಸರ ಎಣಿಸುತ್ತ ಕುಳಿತಿರುತ್ತಾರೆ. ಒಮ್ಮೆ ನಿರಾಶ್ರಿತರಾಗಿ ಬಂದವರ ಮಕ್ಕಳು ಈಗ ಎರಡನೆಯ ಸಲ ವಲಸೆ ಹೊರಟಿದ್ದಾರೆ. ಆದರೆ ಈ ಸಲ ಅವರು ಬಿಟ್ಟು ಹೋಗುವ ಊರು ಪಿರಿಯಾಪಟ್ಟಣ ತಾಲ್ಲೂಕಿನದು.