ಮಕ್ಕಳ ಆಟ, ಹಿರಿಯರ ನಡೆ

ಕಳೆದ ಮಾಗಿಯ ಒಂದು ಭಾನುವಾರ ಬಂಧುಗಳೊಬ್ಬರ ಗೃಹಪ್ರವೇಶದ ನಿಮಿತ್ತ ಬೊಮ್ಮಸಂದ್ರಕ್ಕೆ ಹೋಗಿದ್ದೆನು. 2025ರ ಆಗಸ್ಟ್ ತಿಂಗಳಲ್ಲಿ ಹಳದಿ ಮಾರ್ಗದ ಮೆಟ್ರೊ ಅಲ್ಲಿಯವರೆಗೆ ಬಂದ ಮೇಲೆ ನನ್ನಂತಹ ವಯಸ್ಸಾದವರಿಗೂ ಆ ಪ್ರಯಾಣ ಸುಲಭವಾಗಿದೆ. ಪೂಜೆ, ಪ್ರಸಾದಗಳು ಮುಗಿದ ತರುವಾಯ, ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಒಂದು ಶಾಲೆಯ ಬಯಲಿನಲ್ಲಿ ಮಕ್ಕಳು ಹಾಕಿ ಆಡುತ್ತಿರುವುದನ್ನು ಕಂಡು ಅಲ್ಲಿಯ ಮೆಟ್ಟಿಲ ಮೇಲೆ ಕುಳಿತೆನು. ಒಡಿಶಾದ ಸುಂದರ್‌ಗಢ, ಜಾರ್ಖಂಡದ ಸಿಮ್ಡೇಗಾ ಜಿಲ್ಲೆಗಳು ಹಾಕಿ ಆಟಕ್ಕೆ ಹೆಸರಾದವು. ಅಂತಹ ದೂರದ ಸೀಮೆಗಳಿಂದ ದುಡಿಯಲು ಬಂದವರ ಮಕ್ಕಳೂ, ಧಾರವಾಡ, ಕಲಬುರಗಿಗಳ ಕಡೆಯಿಂದ ಬಂದು ನೆಲೆಸಿದ ನಮ್ಮ ಮನೆಗಳ ಮಕ್ಕಳೂ ಒಂದೇ ತಂಡದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಆಡುವುದನ್ನು ನೋಡಿ ಮನಸ್ಸು ತುಂಬಿಬಂದಿತು.

ಆಟ ಮುಗಿಯಲು ಹತ್ತು ನಿಮಿಷಗಳಿದ್ದವು. ಎರಡೂ ತಂಡಗಳು ಒಂದೊಂದು ಗೋಲು ಗಳಿಸಿದ್ದವು. ಆಗ ಗೋಲಿನ ಮುಂದಿನ ವೃತ್ತದೊಳಗೆ ರಕ್ಷಣೆಗೆ ನಿಂತಿದ್ದ ಬಾಲಕನೊಬ್ಬನ ಕಾಲಿಗೆ ಚೆಂಡು ತಾಗಿತೆಂದು ಅಂಪೈರ್ ಸೀಟಿ ಊದಿ, ಎದುರು ತಂಡಕ್ಕೆ ಪೆನಾಲ್ಟಿ ಕಾರ್ನರ್ ಕೊಟ್ಟನು. ಬಾಲಕನು ಕೋಲನ್ನು ನೆಲಕ್ಕೆ ಎಸೆದನು. ಅಂಪೈರ್ ಅವನಿಗೆ ಹಸಿರು ಕಾರ್ಡು ತೋರಿಸಿದನು. ಮರುಕ್ಷಣವೇ ಗೆರೆಯ ಆಚೆ ನಿಂತಿದ್ದ ಬಾಲಕನ ತಂದೆ ಅಂಗಳಕ್ಕೆ ನುಗ್ಗಿ, “ನಿನಗೆ ಕಣ್ಣಿಲ್ಲವೇ? ಎಷ್ಟು ದುಡ್ಡು ತಿಂದಿದ್ದೀಯ?” ಎಂದು ಕೂಗತೊಡಗಿದರು. ತರಬೇತುದಾರರೂ ದನಿಗೂಡಿಸಿದರು. ಆ ಅಂಪೈರ್ ಇಪ್ಪತ್ತು ತುಂಬಿದಂತೆಯೂ ಕಾಣದ ಕಾಲೇಜು ಹುಡುಗ. ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ತಲೆತಗ್ಗಿಸಿ ನಿಂತಿದ್ದನು. ಆಟ ಕಾಲು ಗಂಟೆ ನಿಂತುಹೋಯಿತು.

ಹಸಿರು ಕಾರ್ಡು ಪಡೆದ ಬಾಲಕನು ನಾನು ಕುಳಿತಿದ್ದ ಮೆಟ್ಟಿಲ ಬಳಿಗೆ ಬಂದು ಕುಳಿತನು. ಕಣ್ಣಲ್ಲಿ ನೀರಿತ್ತು. ಸಮಾಧಾನಪಡಿಸೋಣವೆಂದು ಬೆನ್ನಮೇಲೆ ಕೈಯಿಟ್ಟಾಗ ಅವನು ಮೆಲ್ಲನೆ ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ: “ಅಜ್ಜಾರ, ಬಾಲ್ ನನ್ನ ಕಾಲಿಗೆ ಬಡಿದಿದ್ದು ಖರೇ. ಆದರ ಅಪ್ಪ ಅಷ್ಟು ಒದರಿದ ಮ್ಯಾಲೆ ನಾ ಹೆಂಗ ಹೇಳ್ಲಿ?”

ಓದುಗ ಬಂಧುಗಳೇ, ಈ ಲೇಖನವನ್ನು ಬರೆಯಲು ಆ ಒಂದು ಮಾತೇ ಕಾರಣ. ನಾವು ಮಕ್ಕಳ ಪರವಾಗಿ ಕೂಗಾಡುತ್ತಿದ್ದೇವೆಂದು ಭಾವಿಸುತ್ತೇವೆ. ಆದರೆ ನಮ್ಮ ಕೂಗು ಮಗುವಿನ ಬಾಯಿಗೆ ಬಂದ ಸತ್ಯವನ್ನು ಹಿಂದಕ್ಕೆ ತಳ್ಳುತ್ತದೆ. ತಂದೆ ಸುಮ್ಮನಿದ್ದಿದ್ದರೆ ಆ ಬಾಲಕನು ಎರಡು ನಿಮಿಷ ಹೊರಗೆ ಕುಳಿತು, ತಪ್ಪನ್ನು ಒಪ್ಪಿಕೊಂಡು, ಮತ್ತೆ ಆಟಕ್ಕೆ ಮರಳುತ್ತಿದ್ದನು.

ಸೀಟಿ ಹಿಡಿದವನ ಕಾಯಕ

ಹಾಕಿ ಆಟದಲ್ಲಿ ಅಂಗಳದೊಳಗೆ ಇಬ್ಬರು ಅಂಪೈರುಗಳಿರುತ್ತಾರೆ. ಒಬ್ಬೊಬ್ಬರಿಗೆ ಮುಖ್ಯವಾಗಿ ಅರ್ಧರ್ಧ ಅಂಗಳದ ಹೊಣೆ. ಚೆಂಡಿನ ತೂಕ 156ರಿಂದ 163 ಗ್ರಾಂ, ಕಲ್ಲಿನಂತೆ ಗಟ್ಟಿ. ಎತ್ತಿದ ಕೋಲು, ಹಾರಿದ ಚೆಂಡು, ಅಡ್ಡ ಬಂದ ಕಾಲು, ಇವೆಲ್ಲವನ್ನೂ ಓಡುತ್ತಲೇ ಗಮನಿಸಿ ಅರೆಕ್ಷಣದಲ್ಲಿ ನಿರ್ಧರಿಸಬೇಕು. ದೊಡ್ಡ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸಂದೇಹ ಬಂದರೆ ದೃಶ್ಯವನ್ನು ಮರಳಿ ನೋಡುವ ವೀಡಿಯೊ ಅಂಪೈರ್ ಇರುತ್ತಾರೆ. ನಮ್ಮ ಶಾಲೆಯ ಬಯಲಿನಲ್ಲಿ ಇರುವುದು ಎರಡು ಕಣ್ಣು, ಒಂದು ಸೀಟಿ ಮಾತ್ರ.

ತಪ್ಪಿನ ತೂಕಕ್ಕೆ ತಕ್ಕಂತೆ ಮೂರು ಬಣ್ಣದ ಕಾರ್ಡುಗಳಿವೆ. ಹಸಿರಿಗೆ 2 ನಿಮಿಷ ಹೊರಗಿರಬೇಕು. ಹಳದಿಗೆ ಕನಿಷ್ಠ 5 ನಿಮಿಷ. ಕೆಂಪಿಗೆ ಆ ಪಂದ್ಯದಿಂದಲೇ ನಿರ್ಗಮನ. ಹೊರಗಿದ್ದಷ್ಟು ಹೊತ್ತು ಅವನ ತಂಡ ಒಬ್ಬ ಆಟಗಾರನ ಕೊರತೆಯಿಂದಲೇ ಆಡಬೇಕು. ಒಬ್ಬನ ಕೋಪಕ್ಕೆ ಹತ್ತು ಮಂದಿ ಬೆಲೆ ತೆರುತ್ತಾರೆ. ತಂಡದ ಆಟಗಾರರೆಲ್ಲರ ನಡವಳಿಕೆಗೆ ನಾಯಕನೇ ಹೊಣೆಯೆಂದೂ ನಿಯಮ ಹೇಳುತ್ತದೆ. ಆದರೆ ಗೆರೆಯ ಹೊರಗೆ ನಿಂತ ತಂದೆತಾಯಿಗಳಿಗೆ ಕಾರ್ಡು ತೋರಿಸುವವರು ಯಾರು?

ಹಿಮದ ನಾಡಿನಲ್ಲೂ ಇದೇ ವ್ಯಥೆ

ಇದು ನಮ್ಮ ನಾಡಿಗೆ ಮಾತ್ರ ಅಂಟಿದ ರೋಗವಲ್ಲ. ಕೆನಡಾ, ಅಮೆರಿಕಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮೊಮ್ಮಕ್ಕಳು ನೀರ್ಗಲ್ಲಿನ ಮೇಲೆ ಆಡುವ ಐಸ್ ಹಾಕಿಯನ್ನು ಬಲ್ಲರು. ನಮ್ಮ ದೇಶದಲ್ಲಿ ಲಡಾಖಿನ ಮಕ್ಕಳು ಚಳಿಗಾಲದಲ್ಲಿ ಅದನ್ನು ಆಡುತ್ತಾರೆ. ಅಲ್ಲಿ ಸಣ್ಣ ತಪ್ಪಿಗೆ 2 ನಿಮಿಷ, ದೊಡ್ಡ ತಪ್ಪಿಗೆ 5 ನಿಮಿಷ, ದುರ್ವರ್ತನೆಗೆ 10 ನಿಮಿಷ ಪ್ರತ್ಯೇಕವಾದ ಕಟ್ಟೆಯಲ್ಲಿ ಕುಳಿತಿರಬೇಕು. ಮೈಗೆ ಮೈ ಅಪ್ಪಳಿಸುವುದು ಆ ಆಟದ ಒಂದು ಭಾಗವೇ ಆಗಿದ್ದರೂ, ಎಳೆಯರಿಗೆ ಅಪಾಯವೆಂದರಿತು ಅಮೆರಿಕದ ಹಾಕಿ ಸಂಸ್ಥೆಯು 2011ರಲ್ಲಿಯೂ ಕೆನಡಾದ ಸಂಸ್ಥೆಯು 2013ರಲ್ಲಿಯೂ ಅದಕ್ಕೆ ವಯಸ್ಸಿನ ಮಿತಿಯನ್ನು ಏರಿಸಿದವು.

ಆದರೆ ಅಲ್ಲಿಯೂ ಮಕ್ಕಳನ್ನು ಹದ್ದಿನಲ್ಲಿಡುವುದಕ್ಕಿಂತ ಹಿರಿಯರನ್ನು ಹದ್ದಿನಲ್ಲಿಡುವುದೇ ಕಷ್ಟವಾಯಿತು. ತೀರ್ಪುಗಾರರಲ್ಲಿ ಅನೇಕರು ಸ್ವತಃ ಹದಿಹರೆಯದವರು. ಪ್ರೇಕ್ಷಕರ ಬೈಗುಳಕ್ಕೆ ಬೇಸತ್ತು ಎಷ್ಟೋ ಮಂದಿ ಸೀಟಿಯನ್ನು ಕೆಳಗಿಟ್ಟು ಹೋದರು. ಕೊನೆಗೆ ಅಮೆರಿಕದ ಸಂಸ್ಥೆಯು ಒಂದು ಕಟ್ಟುನಿಟ್ಟಿನ ಕ್ರಮವನ್ನು ತಂದಿತು: ಪ್ರೇಕ್ಷಕರು ದುರ್ಭಾಷೆಯಾಡಿದರೆ ತೀರ್ಪುಗಾರನು ಆಟವನ್ನು ನಿಲ್ಲಿಸಬಹುದು, ಅವರು ಹೊರಗೆ ಹೋಗುವವರೆಗೆ ಆಟ ಮುಂದುವರಿಯುವುದಿಲ್ಲ. ತನ್ನ ತಂದೆ ಎದ್ದು ಹೋಗುವುದನ್ನೇ ಕಾಯುತ್ತ ಅಂಗಳದ ನಡುವೆ ನಿಂತ ಮಗುವಿನ ಮನಸ್ಸನ್ನು ಒಮ್ಮೆ ಊಹಿಸಿಕೊಳ್ಳಿರಿ.

ಹಿರಿಯರು ಎಡವಿದಾಗ

ಕಲಿತವರೂ, ಹೆಸರಾದವರೂ ಈ ವಿಷಯದಲ್ಲಿ ಎಡವಿದ್ದಾರೆ. 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಗೆ 1-0 ಗೋಲಿನಿಂದ ಸೋತ ಪಾಕಿಸ್ತಾನದ ಆಟಗಾರರು, ಅಂಪೈರುಗಳ ತೀರ್ಪಿನ ಮೇಲಿನ ಸಿಟ್ಟಿನಿಂದ ಪದಕ ಪ್ರದಾನದ ಹೊತ್ತಿನಲ್ಲೇ ಅನುಚಿತವಾಗಿ ನಡೆದುಕೊಂಡು ನಿಷೇಧಕ್ಕೊಳಗಾದರು. ಅದೇ ಕೂಟದಲ್ಲಿ ಭಾರತವು ಸೆಮಿಫೈನಲ್‌ನಲ್ಲಿ 2-0 ಅಂತರದಿಂದ ಸೋತಿತ್ತು. ಆದರೂ ಮರಳಿ ಅಂಗಳಕ್ಕಿಳಿದು ಹಾಲೆಂಡನ್ನು 2-1ರಿಂದ ಗೆದ್ದು ಕಂಚಿನ ಪದಕ ಪಡೆಯಿತು. ನಮ್ಮ ಕೊಡಗಿನ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು.

ಹಾಗೆಂದು ನೆರೆಯವರ ಕಡೆಗೆ ಬೆರಳು ತೋರಿಸಿ ನಾವು ಹಗುರಾಗಲಾಗದು. 2019ರ ನವೆಂಬರ್ ತಿಂಗಳಲ್ಲಿ ದೆಹಲಿಯ ನೆಹರು ಕಪ್ ಫೈನಲ್ ಪಂದ್ಯದಲ್ಲಿ ನಮ್ಮ ದೇಶದ ಎರಡು ಹೆಸರಾಂತ ತಂಡಗಳ ಆಟಗಾರರೇ ಹಾಕಿ ಕೋಲುಗಳಿಂದ ಬಡಿದಾಡಿಕೊಂಡು ಅಮಾನತಿಗೆ ಗುರಿಯಾದರು. ಅವರೂ ಒಂದು ಕಾಲಕ್ಕೆ ಶಾಲೆಯ ಅಂಗಳದಲ್ಲಿ ಆಡಿದ ಮಕ್ಕಳೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಭದ್ರಾವತಿಯ ಹಿರಿಮೆ

ಇದಕ್ಕೆ ಪ್ರತಿಯಾಗಿ ನಮ್ಮ ನಾಡಿನದೇ ಒಂದು ಉಜ್ವಲ ನಿದರ್ಶನವಿದೆ. ಆಟ ಮಾತ್ರ ಬೇರೆ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಕ್ರಿಕೆಟ್ ಟೆಸ್ಟ್ ಪಂದ್ಯ ನಡೆಯಿತು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಭಾರತದ ನಾಯಕರು. ಇಂಗ್ಲೆಂಡ್ 58 ರನ್ನುಗಳಿಗೆ 5 ವಿಕೆಟ್ ಕಳೆದುಕೊಂಡು ಕುಸಿದಿತ್ತು. ಬಾಬ್ ಟೇಲರ್ ಎಂಬ ಆಟಗಾರನು ವಿಕೆಟ್ ಹಿಂದೆ ಕ್ಯಾಚ್ ಕೊಟ್ಟನೆಂದು ಅಂಪೈರ್ ಔಟ್ ತೀರ್ಪಿತ್ತರು. ಆದರೆ ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ವಿಶ್ವನಾಥರಿಗೆ ಮನವರಿಕೆಯಾಗಿತ್ತು. ಅವರು ಅಂಪೈರ್ ಬಳಿಗೆ ಹೋಗಿ ತಮ್ಮ ಮನವಿಯನ್ನು ಹಿಂತೆಗೆದುಕೊಂಡು ಟೇಲರನನ್ನು ಮತ್ತೆ ಆಡಲು ಕರೆದರು. ಆ ಟೇಲರನು 43 ರನ್ ಗಳಿಸಿ, ಬೋಥಮ್ ಜೊತೆಗೆ 171 ರನ್ನುಗಳ ಜೊತೆಯಾಟ ಕಟ್ಟಿದನು. ಭಾರತವು 10 ವಿಕೆಟ್‌ಗಳಿಂದ ಸೋತಿತು.

ಗೆದ್ದ ಅನೇಕ ಪಂದ್ಯಗಳು ಜನರ ನೆನಪಿನಿಂದ ಮರೆಯಾಗಿವೆ. ಈ ಸೋಲು ಮಾತ್ರ ಗೌರವದಿಂದ ನೆನೆಯಲ್ಪಡುತ್ತಿದೆ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ವಿಶ್ವನಾಥರು ಅಂಪೈರನ್ನು ತಿದ್ದಿದ್ದು ತಮ್ಮ ಲಾಭಕ್ಕಾಗಿ ಅಲ್ಲ, ತಮಗೆ ನಷ್ಟವಾಗುವಂತೆ. ನಾವು ತೀರ್ಪನ್ನು ಪ್ರಶ್ನಿಸುವುದು ಮಾತ್ರ ಅದು ನಮಗೆ ವಿರುದ್ಧವಾದಾಗಲೇ. ನಮಗೆ ಅನುಕೂಲವಾದ ತಪ್ಪು ತೀರ್ಪಿಗೆ ಎಷ್ಟು ಮಂದಿ ತಂದೆಯರು ಅಂಗಳಕ್ಕೆ ಇಳಿದಿದ್ದಾರೆ?

ತೀರ್ಪು ನಿಜವಾಗಿ ತಪ್ಪಾದರೆ?

ಅಂಪೈರ್ ತಪ್ಪುವುದಿಲ್ಲವೇ, ಪಕ್ಷಪಾತ ಮಾಡುವವರಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದ್ದಾರೆ. ಆತಿಥೇಯ ಶಾಲೆಯ ಕಡೆಗೆ ವಾಲುವವರೂ, ನಿಯಮವನ್ನೇ ಸರಿಯಾಗಿ ತಿಳಿಯದವರೂ ಉಂಟು. ಅಂತಹ ಸಂದರ್ಭದಲ್ಲಿ ನಾಯಕನು ಮರ್ಯಾದೆಯಿಂದ ಕೇಳಬಹುದು. ಅಂಪೈರ್ ತನ್ನ ಜೊತೆಗಾರನನ್ನು ವಿಚಾರಿಸಿ ತೀರ್ಪನ್ನು ಬದಲಿಸಬಹುದು. ಪಂದ್ಯದ ನಂತರ ತಂಡದ ವ್ಯವಸ್ಥಾಪಕರು ಸಂಘಟಕರಿಗೆ ಬರಹದಲ್ಲಿ ದೂರು ಕೊಡಬಹುದು. ಅಂಗಳದ ನಡುವೆ ಕೂಗಾಡುವುದರಿಂದ ತಪ್ಪು ತೀರ್ಪು ಸರಿಯಾದುದನ್ನು ನಾನು ಕಂಡಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಮಕ್ಕಳಿಗೆ ಕಲಿಸುವ ನಾವೇ ಪ್ರತಿ ಸೋಲಿಗೂ ಅಂಪೈರನನ್ನು ಹೊಣೆ ಮಾಡಬಾರದು.

ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಸುಮಾರು ಐವತ್ತು ವರ್ಷಗಳ ಹಿಂದೆ ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಸಂಜೆ ಕಬಡ್ಡಿ ಆಡುತ್ತಿದ್ದೆವು. ಎದುರಾಳಿಯ ಕೈ ನನ್ನ ಬೆನ್ನಿಗೆ ಸೋಕಿದ್ದು ನನಗೆ ಗೊತ್ತಿತ್ತು. ತೀರ್ಪುಗಾರನಾಗಿದ್ದ ಹಿರಿಯ ವಿದ್ಯಾರ್ಥಿ ನನ್ನನ್ನು ಹೊರಗೆ ಕಳುಹಿಸಿದಾಗ ನಾನು ಅವನನ್ನು ಬಾಯಿಗೆ ಬಂದಂತೆ ಬೈದೆನು. ನಮ್ಮ ಅಧ್ಯಾಪಕರು ನನಗೆ ಬಸ್ಕಿ ಹೊಡೆಸಲಿಲ್ಲ; ಬೆತ್ತವನ್ನೂ ಎತ್ತಲಿಲ್ಲ. “ನಾಳೆಯಿಂದ ಒಂದು ವಾರ ನೀನೇ ತೀರ್ಪುಗಾರ” ಎಂದರು. ಎರಡನೆಯ ದಿನವೇ ದೂಳಿನಲ್ಲಿ ಸರಿಯಾಗಿ ಕಾಣದೆ, ಆಪ್ತ ಗೆಳೆಯನಿಗೆ ವಿರುದ್ಧವಾಗಿ ತಪ್ಪು ತೀರ್ಪು ಕೊಟ್ಟೆನು. ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದರೂ ಅವನು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ನಿಂತ ಜಾಗದಿಂದ ಕಂಡಷ್ಟೇ ಕಣ್ಣಿಗೆ ಕಾಣುವುದು, ಆದರೂ ಯಾರಾದರೊಬ್ಬರು ನಿರ್ಧರಿಸಲೇಬೇಕು ಎಂಬ ಪಾಠವನ್ನು ಆ ಒಂದು ವಾರ ನನಗೆ ಕಲಿಸಿತು.

ಸೀಟಿ ಹಿಡಿಯುವವರು ಬೇಕು

ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ 60 ತಂಡಗಳಿದ್ದವು. 2024ರ ವೇಳೆಗೆ ಅವು 360 ಆದವು. ಅಜ್ಜ, ಮಗ, ಮೊಮ್ಮಗ, ಮನೆಯ ಹೆಣ್ಣುಮಕ್ಕಳು ಒಂದೇ ಮನೆತನದ ಹೆಸರಿನಲ್ಲಿ ಆಡುವ ಹಬ್ಬವದು. ಮನೆತನದ ಅಭಿಮಾನವು ಅಷ್ಟೊಂದು ಬಿಸಿಯಾಗಿರುವ ಕಡೆ, ದಿನವಿಡೀ ಬಿಸಿಲಲ್ಲಿ ಓಡಿ ತೀರ್ಪು ಕೊಡುವ ಅಂಪೈರುಗಳಿಲ್ಲದಿದ್ದರೆ ಒಂದು ದಿನದ ಆಟವೂ ನಡೆಯಲಾರದು. ಅದೇ ಕೊಡಗಿನ ಪುಚ್ಚಿಮಂಡ ಅನುಪಮಾ ಅಂತರರಾಷ್ಟ್ರೀಯ ಅಂಪೈರಾಗಿ ಹೆಸರು ಮಾಡಿ, 2021ರ ಏಪ್ರಿಲ್‌ನಲ್ಲಿ ಕೋವಿಡ್ ಪಿಡುಗಿಗೆ ಅಕಾಲದಲ್ಲಿ ತುತ್ತಾದರು. ನಮ್ಮ ರಾಜ್ಯದವರೇ ಆದ ರಘು ಪ್ರಸಾದ್ 2012ರ ಲಂಡನ್ ಮತ್ತು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗಳಲ್ಲಿ ಸೀಟಿ ಊದಿದರು. ಇಂಥವರೂ ಮೊದಲು ಸಣ್ಣ ಅಂಗಳಗಳಲ್ಲಿ ನಿಂತೇ ಈ ಕಾಯಕವನ್ನು ಕಲಿಯಬೇಕು. ಅಲ್ಲಿಯೇ ಅವರನ್ನು ಅವಮಾನಿಸಿ ಓಡಿಸಿದರೆ ಮುಂದಿನ ಅಂಪೈರ್ ಎಲ್ಲಿಂದ ಬಂದಾನು?

ಆದುದರಿಂದ ನಮ್ಮ ಸಮಾಜದ ಶಾಲೆಗಳನ್ನೂ, ವಿದ್ಯಾರ್ಥಿನಿಲಯಗಳನ್ನೂ ನಡೆಸುವವರಲ್ಲಿ ಕೆಲವು ವಿನಂತಿಗಳನ್ನು ಮಾಡುತ್ತೇನೆ. ಅಭ್ಯಾಸದ ಪಂದ್ಯಗಳಲ್ಲಿ ಪ್ರತಿಯೊಂದು ಮಗುವೂ ಸರದಿಯಂತೆ ಸೀಟಿ ಹಿಡಿಯಲಿ. ಪಂದ್ಯದ ದಿನ ತಂದೆತಾಯಿಗಳು ಗೆರೆಯಿಂದ ಹತ್ತು ಹೆಜ್ಜೆ ಹಿಂದೆ ಕುಳಿತುಕೊಳ್ಳಲಿ. ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಮೊದಲು ಅಂಪೈರನ ಕೈಕುಲುಕಲಿ. ಇದಕ್ಕೆ ಹಣ ಬೇಕಿಲ್ಲ, ಕಟ್ಟಡ ಬೇಕಿಲ್ಲ, ಮನಸ್ಸು ಬೇಕು.

ಆ ದಿನ ಸಂಜೆ ಗೋಲಿನ ಬಲೆಯನ್ನು ಸುತ್ತಿಡುತ್ತಿದ್ದ ಆ ಹುಡುಗ ಅಂಪೈರನನ್ನು ಮಾತನಾಡಿಸಿದೆನು. “ಮುಂದಿನ ಭಾನುವಾರ ಬರುತ್ತೀಯಪ್ಪಾ?” ಎಂದು ಕೇಳಿದಾಗ, “ಗೊತ್ತಿಲ್ಲ ಸರ್” ಎಂದನು. ಅವನ ತೀರ್ಪು ಸರಿಯಾಗಿತ್ತೆಂದು ನನಗೆ ತಿಳಿದಿತ್ತು. ಆದರೆ ಅದನ್ನು ಹೇಳಬೇಕಾದವನು ನಾನಲ್ಲ, ಆ ಬಾಲಕ. ಅವನಾಗಲೇ ತಂದೆಯ ಬೈಕಿನ ಹಿಂಬದಿಯಲ್ಲಿ ಕುಳಿತು ಹೊರಟುಹೋಗಿದ್ದನು.

ಆ ಬಾಲಕನ ಹೆಸರನ್ನಾಗಲಿ, ಶಾಲೆಯನ್ನಾಗಲಿ ನಾನು ಬರೆದಿಲ್ಲ; ಬರೆಯಲೂ ಬಾರದು. ಈ ಪುಟವನ್ನು ಓದಿದ ಪ್ರತಿಯೊಬ್ಬ ತಂದೆಯೂ ಅವನು ತನ್ನ ಮಗನೇ ಇರಬಹುದೆಂದು ಭಾವಿಸಲಿ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗನನ್ನು ಪಕ್ಕಕ್ಕೆ ಕರೆದು, ಅಂಗಳದಲ್ಲಿ ನಿಜವಾಗಿ ನಡೆದದ್ದೇನೆಂದು ಮೃದುವಾಗಿ ಕೇಳಲಿ. ಅವನು ಹೇಳುವುದನ್ನು ಸಿಟ್ಟಾಗದೆ ಕೊನೆಯವರೆಗೂ ಕೇಳಲಿ. ಮುಂದಿನ ಭಾನುವಾರ ತಂದೆಮಕ್ಕಳಿಬ್ಬರೂ ಕೂಡಿ ಹೋಗಿ, ಸೀಟಿ ಹಿಡಿದ ಆ ಹುಡುಗನ ಮುಂದೆ ಒಂದು ಮಾತು ಒಪ್ಪಿಕೊಂಡರೆ, ಅದಕ್ಕಿಂತ ದೊಡ್ಡ ಗೆಲುವು ಆ ಮನೆಗೆ ಬೇರೆ ಬೇಕಿಲ್ಲ.